ಜೊತೆಗೂಡಿ ಆಡುವ ಮಾತು



ದತ್ತಿ ಉಪನ್ಯಾಸ ನಮಗೆ ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ ಅದರೊಳಗಿನ ಸೋಜಿಗ ಕಣ್ಣಿಗೇ ಬೀಳುವುದಿಲ್ಲ. ಯಾರೋ ಒಬ್ಬರು ತಮ್ಮ ಉಳಿತಾಯದಲ್ಲಿ ಒಂದಿಷ್ಟನ್ನು ಒಂದು ಸಂಘದ ಕೈಗೊಪ್ಪಿಸುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಯಾರಾದರೂ ಬಂದು ಮಾತಾಡಲಿ ಅನ್ನುತ್ತಾರೆ. ದತ್ತಿಯಿಟ್ಟವರು ತೀರಿಕೊಂಡ ಮೇಲೂ, ಅವರು ಕಂಡು ಕೇಳದ ವಿಷಯಗಳ ಮೇಲೆ, ಬದುಕಿದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ ಗೊತ್ತಿಲ್ಲದ ಮಾತು ಅವರ ಹೆಸರಿನಲ್ಲೇ ನಡೆಯುತ್ತದೆ. ಇದು ಸಾಧ್ಯವಾಗುವುದು ನಡುವೆ ಒಂದು ಸಂಘ ನಿಂತಿರುವುದರಿಂದ. ಸಂಘ ಮುಚ್ಚಿದ ದಿನ ದತ್ತಿಯೂ ಇಲ್ಲ, ಉಪನ್ಯಾಸವೂ ಇಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಸಂವಿಧಾನದ 19ನೇ ವಿಧಿಯ ಬಗ್ಗೆ ಮಾತಾಡುವವರೆಲ್ಲ ಅದರ ಮೊದಲ ಉಪಖಂಡವಾದ (ಎ), ಅಂದರೆ ವಾಕ್ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಾರೆ. ಅದೇ ಸಾಲಿನಲ್ಲಿ (ಸಿ) ಎಂಬ ಗುರುತಿನಡಿ ಸಂಘ ಕಟ್ಟುವ ಹಕ್ಕು ಕೂತಿದೆ. ಅದಕ್ಕೆ ಕವಿತೆಯಿಲ್ಲ, ಘೋಷಣೆಯಿಲ್ಲ, ಟೀವಿ ಚರ್ಚೆಯಂತೂ ಇಲ್ಲವೇ ಇಲ್ಲ. ಆದರೆ ಒಬ್ಬನ ಮಾತನ್ನು ಅಡಗಿಸುವುದಕ್ಕಿಂತ ಹತ್ತು ಮಂದಿ ಸೇರದ ಹಾಗೆ ನೋಡಿಕೊಳ್ಳುವುದು ಅಧಿಕಾರಕ್ಕೆ ಎಂದೂ ಹೆಚ್ಚು ಲಾಭದ ಕೆಲಸ. ಒಂಟಿ ಮಾತು ತಾನಾಗಿ ಸತ್ತುಹೋಗುತ್ತದೆ, ಅದನ್ನು ಕೊಲ್ಲುವ ಶ್ರಮ ಬೇಕಿಲ್ಲ. ಆದ್ದರಿಂದ (ಎ) ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ (ಸಿ)ಯನ್ನು ತಟ್ಟಿ ನೋಡಬೇಕು ಎಂಬುದು ನನ್ನ ವಾದ.

ಶುರುವಿನಲ್ಲೇ ಒಂದು ವಿಚಿತ್ರವನ್ನು ಗಮನಿಸಿ. ಸಂವಿಧಾನ ಸಭೆಯಲ್ಲಿ ಈ ವಿಧಿ, ಆಗ ಅದು ಕರಡಿನ 13ನೇ ವಿಧಿ, ಚರ್ಚೆಗೆ ಬಂದದ್ದು 1948ರ ಡಿಸೆಂಬರ್ ಮೊದಲ ದಿನಗಳಲ್ಲಿ. ಹಕ್ಕುಗಳನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದೀರಿ ಎಂಬ ದೂರು ಸಭೆಯಲ್ಲಿ ಸಾಕಷ್ಟು ಜೋರಾಗಿತ್ತು. ಕೆ.ಎಂ. ಮುನ್ಶಿಯವರ ತಿದ್ದುಪಡಿಯಿಂದ ‘ರಾಜದ್ರೋಹ’ ಎಂಬ ಮಾತು ಕರಡಿನಿಂದ ಹೊರಬಿತ್ತು. ಪಂಡಿತ್ ಠಾಕೂರ್ ದಾಸ್ ಭಾರ್ಗವ ಅವರ ತಿದ್ದುಪಡಿಯಿಂದ ಸಭೆ ಸೇರುವುದು, ಸಂಘ ಕಟ್ಟುವುದು, ಓಡಾಡುವುದು ಮುಂತಾದ ಹಕ್ಕುಗಳ ಮೇಲಿನ ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಷರತ್ತು ಸೇರಿತು. ಹೀಗಾಗಿ 1950ರ ಜನವರಿ 26ರಂದು ಜಾರಿಗೆ ಬಂದ ಪಠ್ಯದಲ್ಲಿ ಸಂಘದ ಹಕ್ಕಿಗೆ ಸಮಂಜಸತೆಯ ರಕ್ಷಣೆ ಇತ್ತು, ವಾಕ್ ಸ್ವಾತಂತ್ರ್ಯಕ್ಕೆ ಇರಲಿಲ್ಲ. ಮಾತಿಗೆ ಅದು ದೊರೆತದ್ದು 1951ರ ಜೂನ್‌ನಲ್ಲಿ, ಮೊದಲ ತಿದ್ದುಪಡಿಯ ಮೂಲಕ. ಬಹಳ ಜನ ಆ ತಿದ್ದುಪಡಿಯನ್ನು ಬೈಯುವುದಷ್ಟೇ ರೂಢಿ; ಈ ಒಂದು ಉಪಕಾರವನ್ನು ಅದರ ಖಾತೆಗೆ ಜಮೆ ಮಾಡುವುದಿಲ್ಲ.

ಇನ್ನು ಈ ಸಮಂಜಸತೆ ಪರೀಕ್ಷೆಗೆ ಒಳಗಾದ ಮದರಾಸಿಗೆ ಬರೋಣ. 1950ರ ಮದರಾಸು ರಾಜ್ಯ ನಮಗೆ ಹೊರಗಿನದಲ್ಲ. ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ ಎಲ್ಲವೂ ಆಗ ಅದರೊಳಗೇ ಇದ್ದವು. ಅಲ್ಲಿನ ಸರ್ಕಾರ ಹೊರಡಿಸಿದ ಆದೇಶ ಮಂಗಳೂರಿನ ಹಂಚಿನ ಕಾರ್ಖಾನೆಯ ಕೂಲಿಗೂ ಅಷ್ಟೇ ಅನ್ವಯ. ಕಮ್ಯುನಿಸ್ಟರು ನಡೆಸುತ್ತಿದ್ದ ತೆಲಂಗಾಣದ ರೈತ ಹೋರಾಟದ ಬಿಸಿ ಹತ್ತಿರದಲ್ಲೇ ಇತ್ತು. ಮದರಾಸು ಸರ್ಕಾರ 1949ರಲ್ಲೇ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿತ್ತು. 1950ರ ಫೆಬ್ರವರಿಯಲ್ಲಿ ಸೇಲಂ ಜೈಲಿನೊಳಗೆ ಗೋಲಿಬಾರ್ ನಡೆದು 22 ಕಮ್ಯುನಿಸ್ಟ್ ಕೈದಿಗಳು ಸತ್ತರು. ಸಂವಿಧಾನ ಜಾರಿಯಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಎರಡು ಆದೇಶಗಳು ಬಂದವು. ಮಾರ್ಚ್ 1ರ ಆದೇಶ ರೊಮೇಶ್ ಥಾಪರ್ ಮುಂಬಯಿಯಿಂದ ಹೊರಡಿಸುತ್ತಿದ್ದ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ ಮದರಾಸು ರಾಜ್ಯದೊಳಗೆ ಬರಕೂಡದು ಎಂದಿತು. ಮಾರ್ಚ್ 10ರ ಆದೇಶ ‘ಪೀಪಲ್ಸ್ ಎಜುಕೇಶನ್ ಸೊಸೈಟಿ’ ಎಂಬ ಸಂಘವನ್ನು ಕಾನೂನುಬಾಹಿರ ಎಂದು ಸಾರಿತು. ಮೊದಲನೆಯ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಸುಪ್ರೀಂ ಕೋರ್ಟ್ 1950ರ ಮೇ 26ರಂದು ಆ ನಿಷೇಧವನ್ನು ರದ್ದು ಮಾಡಿತು. ಅಂದಿನ ಪಠ್ಯದಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಮಾತನ್ನು ತಡೆಯಲು ಒಂದು ಕಾರಣವಾಗಿರಲೇ ಇಲ್ಲ; ಶಾಂತಿಭಂಗದ ಹೆಸರಿನಲ್ಲಿ ತಡೆಯುವುದಾದರೆ ರಾಷ್ಟ್ರದ ಭದ್ರತೆಯೇ ಅಲುಗುವಂಥ ಮಾತನ್ನು ಮಾತ್ರ ತಡೆಯಬಹುದಿತ್ತು. ಇದರಿಂದ ಸರ್ಕಾರಕ್ಕೆ ಇರಿಸುಮುರಿಸಾಯಿತು. ಮರುವರ್ಷದ ತಿದ್ದುಪಡಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ, ವಿದೇಶಗಳೊಡನೆ ಸ್ನೇಹ ಸಂಬಂಧ ಎಂಬ ಮೂರು ಕಾರಣಗಳು ಒಳಹೊಕ್ಕವು.

ಎರಡನೆಯ ಪ್ರಕರಣವನ್ನು ಕೇಳಿದವರು ಕಡಿಮೆ. ನನಗೆ ಅದೇ ಹೆಚ್ಚು ಮುಖ್ಯ.

ಆ ಸೊಸೈಟಿ 1860ರ ಸಂಘಗಳ ಕಾಯಿದೆಯಡಿ ನೋಂದಣಿಯಾದದ್ದು, ನಮ್ಮೂರಿನ ಯಾವುದೇ ವಾಚನಾಲಯ, ಯಕ್ಷಗಾನ ಮಂಡಳಿ ನೋಂದಣಿಯಾಗುವ ಹಾಗೆ. ವಿಜ್ಞಾನ, ಅದರಲ್ಲೂ ಸಮಾಜವಿಜ್ಞಾನದ ತಿಳಿವಳಿಕೆಯನ್ನು ಜನರಿಗೆ ಹಂಚುವುದು, ರಾಜಕೀಯ ಶಿಕ್ಷಣ ಕೊಡುವುದು ಅದರ ಉದ್ದೇಶಪಟ್ಟಿಯಲ್ಲಿತ್ತು. ಕಮ್ಯುನಿಸ್ಟ್ ಪಕ್ಷಕ್ಕೆ ನೆರವಾಗುತ್ತಿದೆ ಎಂಬುದು ಸರ್ಕಾರದ ಆರೋಪ. ಅದರ ಪ್ರಧಾನ ಕಾರ್ಯದರ್ಶಿ ವಿ.ಜಿ. ರಾವ್, ಬ್ಯಾರಿಸ್ಟರ್, ಹೈಕೋರ್ಟಿಗೆ ಹೋದರು. ಸರ್ಕಾರ ಬಳಸಿದ್ದು ಯಾವ ಕಾನೂನನ್ನು? 1908ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯಿದೆಯನ್ನು. ಬಂಗಾಳದ ಕ್ರಾಂತಿಕಾರಿ ಸಮಿತಿಗಳನ್ನು ಮುರಿಯಲು ಬ್ರಿಟಿಷರು ಮಾಡಿದ್ದ ಕಾಯಿದೆ ಅದು. 1930ರ ದಶಕದಲ್ಲಿ ಕಾಂಗ್ರೆಸ್ಸಿನ ಸಮಿತಿಗಳನ್ನು ಕಾನೂನುಬಾಹಿರ ಎಂದು ಸಾರಲು ಬಳಕೆಯಾದದ್ದೂ ಅದೇ. ಅದೇ ಕಾಯಿದೆಗೆ 1950ರಲ್ಲಿ ಮದರಾಸಿನ ಕಾಂಗ್ರೆಸ್ ಸರ್ಕಾರ ಒಂದು ತಿದ್ದುಪಡಿ ಹಾಕಿ ಹೊಸ ಹೊಳಪು ಕೊಟ್ಟಿತು. ಜೈಲಿಗೆ ಹೋಗಿ ಬಂದವರಿಗೆ ಜೈಲಿನ ಬೀಗದ ಮೇಲೆ ಹುಟ್ಟುವ ಅಕ್ಕರೆಯ ಬಗ್ಗೆ ಯಾರಾದರೂ ಒಂದು ಪ್ರಬಂಧ ಬರೆಯಬೇಕು.

ಮದರಾಸು ಹೈಕೋರ್ಟಿನ ಪೂರ್ಣಪೀಠ ಆದೇಶವನ್ನು ರದ್ದು ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. 1952ರ ಮಾರ್ಚ್ 31ರಂದು ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ ತೀರ್ಪು ಕೊಟ್ಟರು. ‘ಕ್ರಾಸ್ ರೋಡ್ಸ್’ ತೀರ್ಪನ್ನು ಬರೆದವರೂ ಅವರೇ. ಸಂಘವನ್ನು ನಿಷೇಧಿಸುವುದೇ ತಪ್ಪು ಎಂದು ಅವರು ಹೇಳಲಿಲ್ಲ. ಹೇಗೆ ನಿಷೇಧಿಸಿದಿರಿ ಎಂದು ಕೇಳಿದರು. ಆ ಕಾಯಿದೆಯಡಿ ಸಂಘ ಅಪಾಯಕಾರಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಆಧಾರವನ್ನು ಯಾವ ನ್ಯಾಯಾಲಯವೂ ಪರೀಕ್ಷಿಸುವ ಹಾಗಿಲ್ಲ. ಸಲಹಾ ಮಂಡಳಿಯೊಂದು ಕಡತ ನೋಡುತ್ತದೆ, ಅದೂ ಬಹುಪಾಲು ಒಂದು ಕಡೆಯ ಮಾತನ್ನು ಕೇಳಿ. ಆದೇಶ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಸಂಘಕ್ಕಾಗಲಿ ಅದರ ಪದಾಧಿಕಾರಿಗಳಿಗಾಗಲಿ ನೋಟಿಸು ಮುಟ್ಟಿಸಬೇಕೆಂಬ ನಿಯಮವಿಲ್ಲ. ಗೆಜೆಟ್ ಓದುವ ಅಭ್ಯಾಸ ಯಾರಿಗಿದೆ? ಸದಸ್ಯನೊಬ್ಬ ಏನೂ ತಿಳಿಯದೆ ಎಂದಿನಂತೆ ಸಂಜೆ ಸಭೆಗೆ ಹೋದರೆ ಅಪರಾಧಿ. ಇಂಥ ನಿರ್ಬಂಧ ಸಮಂಜಸವಲ್ಲ ಎಂದಿತು ಕೋರ್ಟು.

ನಿರ್ಬಂಧವೊಂದು ಸಮಂಜಸವೋ ಅಲ್ಲವೋ ಎಂದು ಅಳೆಯುವ ಬಗೆಯನ್ನು ಆ ತೀರ್ಪೇ ಹಾಕಿಕೊಟ್ಟಿತು. ಯಾವ ಹಕ್ಕಿಗೆ ಪೆಟ್ಟು ಬಿದ್ದಿದೆ, ನಿರ್ಬಂಧದ ಉದ್ದೇಶವೇನು, ತಡೆಯಬೇಕಾದ ಕೇಡು ಎಷ್ಟು ದೊಡ್ಡದು, ಎಷ್ಟು ತುರ್ತಿನದು, ಹಾಕಿದ ಕಟ್ಟು ಅದಕ್ಕೆ ಮೀರಿದ್ದೇ, ಕಾಲದ ಪರಿಸ್ಥಿತಿ ಏನು ಎಂದು ಎಲ್ಲವನ್ನೂ ಕೂಡಿಸಿ ನೋಡಬೇಕು. ಇವತ್ತಿಗೂ ವಾಕ್ ಸ್ವಾತಂತ್ರ್ಯದ ಪ್ರತಿ ಮೊಕದ್ದಮೆಯಲ್ಲೂ ವಕೀಲರು ಈ ಅಳತೆಯನ್ನೇ ಎತ್ತಿಕೊಳ್ಳುತ್ತಾರೆ. ಮೂಲಭೂತ ಹಕ್ಕುಗಳ ಕಾವಲು ನ್ಯಾಯಾಲಯದ್ದು ಎಂದು ಪತಂಜಲಿ ಶಾಸ್ತ್ರಿಯವರು ಹೇಳಿದ ಮಾತು ಭಾಷಣಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿದೆ. ಆದರೆ ಅದು ಹುಟ್ಟಿದ್ದು ಒಂದು ಸಣ್ಣ ಸಂಘದ ಮೊಕದ್ದಮೆಯಲ್ಲಿ ಎಂಬುದನ್ನು ಹೇಳುವವರು ಕಡಿಮೆ.

ಅಲ್ಲಿಂದ ಮುಂದೆ (ಸಿ)ಯ ಹಾದಿ ಇಳಿಜಾರು. ಬ್ಯಾಂಕ್ ನೌಕರರ ಸಂಘದ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸಂಘ ಕಟ್ಟುವ ಹಕ್ಕು ಇದೆ, ಸಂಘ ತನ್ನ ಗುರಿಯನ್ನು ಮುಟ್ಟಲು ಬೇಕಾದ ಹಕ್ಕುಗಳು ಅದರ ಜೊತೆ ಬರುವುದಿಲ್ಲ. ಮುಷ್ಕರ ಮೂಲಭೂತ ಹಕ್ಕಲ್ಲ, ಮಾಲೀಕ ಮಾತುಕತೆಗೆ ಕೂರಲೇಬೇಕು ಎಂಬುದೂ ಅಲ್ಲ. ತರ್ಕಕ್ಕೆ ಇದು ಸರಿಯೆನ್ನಿಸಬಹುದು. ಆದರೆ ಈ ದೇಶದ ಕಾರ್ಮಿಕ ಸಂಘಗಳ ಚರಿತ್ರೆ ಗೊತ್ತಿದ್ದವರಿಗೆ ಇದು ನುಂಗಲಾರದ ತುತ್ತು. 1918ರಲ್ಲಿ ಮದರಾಸಿನಲ್ಲಿ ಹುಟ್ಟಿದ ಕಾರ್ಮಿಕ ಸಂಘದ ಮೇಲೆ ಬಿನ್ನಿ ಕಂಪನಿಯ ಗಿರಣಿಯವರು ಮೊಕದ್ದಮೆ ಹೂಡಿ, ಬಿ.ಪಿ. ವಾಡಿಯಾ ಮತ್ತು ಗೆಳೆಯರ ವಿರುದ್ಧ ಕೋರ್ಟಿನಿಂದ ತಡೆಯಾಜ್ಞೆ ತಂದರು. ಮುಷ್ಕರ ಮಾಡಿಸುವುದೇ ಒಪ್ಪಂದ ಮುರಿಸುವ ಸಿವಿಲ್ ತಪ್ಪು ಎಂಬ ವಾದ. ಆ ಪೆಟ್ಟಿನಿಂದ ಎದ್ದ ಕೂಗಿನ ಫಲ 1926ರ ಕಾರ್ಮಿಕ ಸಂಘಗಳ ಕಾಯಿದೆ. ಅದೇ ಬಿನ್ನಿಯವರ ಇನ್ನೊಂದು ಗಿರಣಿ ನಮ್ಮ ಬೆಂಗಳೂರಿನಲ್ಲಿತ್ತು. ಗುರಿಯಿಲ್ಲದ ಸಂಘಕ್ಕಾಗಿ ಆ ಕಾಲದ ಕೂಲಿಗಳು ಪೆಟ್ಟು ತಿಂದದ್ದಲ್ಲ.

ಸರ್ಕಾರಿ ನೌಕರರ ಮಟ್ಟಿಗೆ ಕೋರ್ಟು ಸ್ವಲ್ಪ ಉದಾರವಾಗಿತ್ತು. ಮಾನ್ಯತೆ ಸಿಗದ ಸಂಘವನ್ನು ನೌಕರ ಸೇರಬಾರದು ಎಂಬ ನಿಯಮವನ್ನು 1962ರಲ್ಲಿ ತೆಗೆದುಹಾಕಿತು. ಪೊಲೀಸರದು ಬೇರೆಯೇ ಕಥೆ. ಅವರ ಹಕ್ಕುಗಳನ್ನು ಮೊಟಕು ಮಾಡಲು 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಸಿದ್ಧರಾದಾಗ ಅದರ ಮುಂದಾಳಿನ ಮೇಲೆ ಬಿದ್ದದ್ದು ದೇಶದ್ರೋಹದ ಕೇಸು. ವಾರದ ರಜೆ, ಸಂಬಳ, ಮೇಲಧಿಕಾರಿಗಳ ಕಿರುಕುಳ ಇವು ಬೇಡಿಕೆಗಳು. ರಜೆ ಕೇಳಿದ್ದಕ್ಕೆ ದೇಶದ್ರೋಹ! ಒಬ್ಬೊಬ್ಬರೇ ಅರ್ಜಿ ಬರೆದಿದ್ದರೆ ಅದು ಕಚೇರಿಯ ಕಡತದಲ್ಲಿ ದೂಳು ತಿನ್ನುತ್ತಿತ್ತು ಅಷ್ಟೆ. ಒಟ್ಟಾಗಿ ಕೇಳಿದ್ದೇ ಭಯ ಹುಟ್ಟಿಸಿತು.

ಸಾಹಿತ್ಯ ಸಂಸ್ಥೆಗಳ ಪದಾಧಿಕಾರಿಗಳು ಇಲ್ಲಿ ಹಲವರಿದ್ದೀರಿ. ನಿಮಗೆ ನೇರವಾಗಿ ತಟ್ಟುವ ಒಂದು ಪ್ರಕರಣವನ್ನು ಹೇಳಬೇಕು. ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಳನ ಒಂದು ನೋಂದಾಯಿತ ಸಂಘ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿಗಿಂತ ಐದು ವರ್ಷ ಹಿರಿದು. ಅದರೊಳಗೆ ಜಗಳ ಬಿತ್ತು, ಸಾಹಿತ್ಯ ಸಂಸ್ಥೆಗಳಲ್ಲಿ ಬೀಳುವ ಹಾಗೆಯೇ. ಕೊನೆಗೆ ಸಂಸತ್ತು 1962ರಲ್ಲಿ ಕಾಯಿದೆ ಮಾಡಿ ಅದನ್ನು ಶಾಸನಬದ್ಧ ಸಂಸ್ಥೆಯಾಗಿಸಿತು, ಹಳೆಯ ಸದಸ್ಯರನ್ನು ಕೇಳದೆ ಹೊಸಬರನ್ನು ಒಳಗೆ ಸೇರಿಸಿತು. ದಮಯಂತಿ ನಾರಂಗ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಸಂಘ ಕಟ್ಟುವ ಹಕ್ಕೆಂದರೆ ಮೊದಲ ದಿನ ಕಟ್ಟುವುದಷ್ಟೇ ಅಲ್ಲ. ತಾವಾಗಿ ಒಪ್ಪಿ ಸೇರಿಸಿಕೊಂಡವರ ಜೊತೆ ಅದನ್ನು ಮುಂದುವರಿಸುವುದೂ ಸೇರಿದೆ ಎಂದಿತು. ಹೊಸ ಸದಸ್ಯರನ್ನು ಮೇಲಿನಿಂದ ಹೇರಿದರೆ ಉಳಿಯುವುದು ಹೆಸರು, ಸಂಘವಲ್ಲ.

ನಮ್ಮಲ್ಲಿ ಸಂಘಗಳಿಗೆ, ಸಹಕಾರ ಸಂಸ್ಥೆಗಳಿಗೆ ಆಡಳಿತಾಧಿಕಾರಿ ಬಂದು ಕೂರುವುದು ಮಳೆಗಾಲದಷ್ಟೇ ಸಾಮಾನ್ಯ. ಅವ್ಯವಹಾರ ನಡೆದಾಗ ಅದು ಬೇಕಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಆರು ತಿಂಗಳಿಗೆಂದು ಬಂದವರು ವರ್ಷಗಟ್ಟಲೆ ಉಳಿದರೆ ಸದಸ್ಯರು ಗೊಣಗುವುದಷ್ಟನ್ನೇ ಮಾಡುತ್ತಾರೆ. ಇದು ತಮ್ಮ ಮೂಲಭೂತ ಹಕ್ಕಿನ ಪ್ರಶ್ನೆ ಎಂದು ಅವರಿಗೆ ಹೊಳೆಯುವುದಿಲ್ಲ. ದೇಶದ ಮೊದಲ ಸಹಕಾರ ಸಂಘ 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತು ಎಂದು ನಾವು ಹೆಮ್ಮೆಪಡುತ್ತೇವೆ. ಸಹಕಾರ ಸಂಘ ಕಟ್ಟುವುದು 19ನೇ ವಿಧಿಯ ಒಳಕ್ಕೆ ಹೆಸರಿನಿಂದ ಸೇರಿದ್ದು 97ನೇ ತಿದ್ದುಪಡಿಯಿಂದ, ಅಂದರೆ ಕಣಗಿನಹಾಳದ ನಂತರ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ಈಗ ನಮ್ಮದೇ ಮನೆಯ ವಿಷಯ. 1973ರ ನವೆಂಬರ್‌ನಲ್ಲಿ, ದೇವರಾಜ ಅರಸು ಮಂತ್ರಿಮಂಡಲದ ದಲಿತ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಅರ್ಥದ ಮಾತಾಡಿದರು. ಮುಂದಿನದು ನಿಮಗೆ ಗೊತ್ತಿದೆ. ಕಾಲೇಜುಗಳು ಬೀದಿಗಿಳಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು. ಇಲ್ಲಿ ಯಾವ ಕಾಯಿದೆಯೂ ಬಳಕೆಯಾಗಲಿಲ್ಲ, ಯಾವ ಗೆಜೆಟ್ ಆದೇಶವೂ ಹೊರಡಲಿಲ್ಲ. ಮಾತಿಗೆ ತಡೆ ಬಂದದ್ದು ಗುಂಪಿನಿಂದ. ಮಂತ್ರಿಯೊಬ್ಬನ ಮಾತನ್ನು ವಿರೋಧಿಸುವ ಹಕ್ಕು ವಿದ್ಯಾರ್ಥಿಗಳಿಗೆ ಇರಲಿಲ್ಲವೇ ಎಂದು ಕೇಳಿದರೆ, ಇತ್ತು; ಕಲ್ಲೆಸೆಯುವ ಹಕ್ಕು ಇರಲಿಲ್ಲ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ 1989ರಲ್ಲಿ, ‘ಒರೇ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರದ ಮೊಕದ್ದಮೆಯಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದರು. ಗಲಾಟೆಯ ಬೆದರಿಕೆಯಿದೆ, ನಮ್ಮ ಕೈಲಾಗದು ಎಂದು ಸರ್ಕಾರ ಹೇಳುವ ಹಾಗಿಲ್ಲ; ಬೆದರಿಸುವವರನ್ನು ತಡೆಯುವುದೇ ಅದರ ಕೆಲಸ. ಖಾಸಗಿ ವ್ಯಕ್ತಿಗಳ ವಿರುದ್ಧವೇ 19ನೇ ವಿಧಿಯನ್ನು ಎತ್ತಬಹುದೇ ಎಂಬ ಪ್ರಶ್ನೆಗೆ 2023ರ ಜನವರಿಯಲ್ಲಿ ಸಂವಿಧಾನ ಪೀಠದ ಬಹುಮತ ಹೌದೆಂದಿತು. ನಮ್ಮ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಲಿಲ್ಲ. ಹಕ್ಕಿನ ಹೊಣೆಯನ್ನು ಎಲ್ಲರ ಮೇಲೂ ಹೊರಿಸಿದರೆ ಸರ್ಕಾರ ಮೆಲ್ಲಗೆ ಜಾರಿಕೊಳ್ಳುತ್ತದೆ ಎಂಬ ಭಯ ನನಗೂ ಇದೆ.

ಆದರೆ ಬೂಸಾ ಪ್ರಕರಣದ ನಿಜವಾದ ಉತ್ತರ ಕೋರ್ಟಿನಿಂದ ಬರಲಿಲ್ಲ. ಪೆಟ್ಟು ತಿಂದ ಹುಡುಗರು, ಅವರ ಮೇಷ್ಟರುಗಳು ಒಂದೆಡೆ ಸೇರತೊಡಗಿದರು. ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರ ಓಡಾಟದಿಂದ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ‘ಪಂಚಮ’ ಪತ್ರಿಕೆ ಬಂತು. ಮಂತ್ರಿಯೊಬ್ಬರು ಒಂಟಿಯಾಗಿ ಆಡಿದ ಮಾತು ಅವರ ಕುರ್ಚಿಯನ್ನು ತೆಗೆಯಿತು. ಅದೇ ಮಾತು ಸಂಘದ ಬಾಯಿಗೆ ಬಂದ ಮೇಲೆ ಅದನ್ನು ಯಾರಿಂದಲೂ ಇಳಿಸಲಾಗಲಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಬೇಡಿಕೆಯಿಟ್ಟವರು ಬೆಂಗಳೂರಿನಲ್ಲಿ ತಮ್ಮದೇ ಸಮಾವೇಶ ಮಾಡಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. ಗಮನಿಸಿ, ಸಮ್ಮೇಳನ ನಡೆಸುವ ಸಾಹಿತ್ಯ ಪರಿಷತ್ತಿಗೂ ತನ್ನ ವೇದಿಕೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವ ಹಕ್ಕಿತ್ತು. ಆ ತೀರ್ಮಾನ ದಡ್ಡತನದ್ದು ಎಂದು ನನ್ನ ಅಭಿಪ್ರಾಯ. ಆದರೂ ಹೊರಗುಳಿದವರಿಗೆ ಇನ್ನೊಂದು ಸಂಘ ಕಟ್ಟಲು ಯಾರ ಅನುಮತಿಯೂ ಬೇಕಾಗಲಿಲ್ಲ. ಕನ್ನಡ ಸಾಹಿತ್ಯದ ಕಳೆದ ಐವತ್ತು ವರ್ಷಗಳ ದಿಕ್ಕು ಬದಲಾದದ್ದು (ಎ)ಯಿಂದ ಅಲ್ಲ, (ಸಿ)ಯಿಂದ.

ಇದರ ಪಕ್ಕದಲ್ಲಿ ಒಂದು ಸೋಲನ್ನೂ ಇಡಬೇಕು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು. ಪ್ರಶಸ್ತಿ ಪಡೆದ ಪುಸ್ತಕ ಅದು. ಬರಗೂರು ರಾಮಚಂದ್ರಪ್ಪ ಮತ್ತಿತರರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿನವರೆಗೂ ಹೋದರು, 2007ರಲ್ಲಿ ಅಲ್ಲೂ ಸೋತರು. ಒಂದು ಸಮುದಾಯದ ಭಾವನೆಗೆ ಕಾದಂಬರಿಯ ಕೆಲವು ಪುಟಗಳಿಂದ ಆದ ನೋವನ್ನೇ ಕೋರ್ಟು ದೊಡ್ಡದಾಗಿ ಕಂಡಿತು. ತೀರ್ಪು ನನಗೆ ಒಪ್ಪಿಗೆಯಿಲ್ಲ. ಆದರೆ ಒಬ್ಬರು ಬರೆದದ್ದಕ್ಕಾಗಿ ಮತ್ತೊಬ್ಬ ಲೇಖಕರು ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದ್ದು ನಮ್ಮಲ್ಲಿ ಅಪರೂಪ. ಸಾಮಾನ್ಯವಾಗಿ ಪುಸ್ತಕ ನಿಷೇಧವಾದಾಗ ನಾವು ಒಂದು ಹೇಳಿಕೆಗೆ ಸಹಿ ಹಾಕಿ ಊಟಕ್ಕೆ ಹೋಗುತ್ತೇವೆ.

ಕೊನೆಯದಾಗಿ ಇತ್ತೀಚಿನ ಕಾನೂನು. 1963ರ ಹದಿನಾರನೇ ತಿದ್ದುಪಡಿ ‘ದೇಶದ ಸಾರ್ವಭೌಮತೆ ಮತ್ತು ಅಖಂಡತೆ’ಯನ್ನು ಮಾತು, ಸಭೆ, ಸಂಘ ಮೂರರ ಮೇಲೂ ನಿರ್ಬಂಧದ ಕಾರಣವಾಗಿ ಸೇರಿಸಿತು. ಅದರ ಬೆನ್ನಿಗೆ 1967ರಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆ ಬಂತು. ವಿ.ಜಿ. ರಾವ್ ತೀರ್ಪಿನ ಪಾಠವನ್ನು ಅದು ಕಲಿತಿತ್ತು ಎಂಬುದನ್ನು ಒಪ್ಪಬೇಕು. ನಿಷೇಧದ ಆದೇಶವನ್ನು ಹೈಕೋರ್ಟ್ ನ್ಯಾಯಮೂರ್ತಿಯ ಟ್ರಿಬ್ಯೂನಲ್ ಆರು ತಿಂಗಳೊಳಗೆ ಪರಿಶೀಲಿಸಬೇಕು. ಆದೇಶದ ಪ್ರತಿಯನ್ನು ಸಂಘದ ಕಚೇರಿಯ ಗೋಡೆಗೆ ಅಂಟಿಸಬಹುದು, ಪದಾಧಿಕಾರಿಗಳಿಗೆ ಕೊಡಬಹುದು, ಡಂಗುರ ಸಾರಿಯೋ ಧ್ವನಿವರ್ಧಕದಲ್ಲೋ ತಿಳಿಸಬಹುದು. ಗೆಜೆಟ್ ಒಂದೇ ಸಾಕು ಎಂಬ ಹಳೆಯ ದಾರ್ಷ್ಟ್ಯ ಇಲ್ಲಿಲ್ಲ.

2011ರಲ್ಲಿ ಅಸ್ಸಾಮಿನ ಅರೂಪ್ ಭುಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನಿಷೇಧಿತ ಸಂಘದ ಬರೀ ಸದಸ್ಯತ್ವ ಅಪರಾಧವಲ್ಲ, ಹಿಂಸೆಗೆ ಇಳಿದರೆ ಅಥವಾ ಪ್ರಚೋದಿಸಿದರೆ ಮಾತ್ರ ಅಪರಾಧ ಎಂದರು. 2023ರ ಮಾರ್ಚ್ 24ರಂದು ಮೂವರ ಪೀಠ ಅದನ್ನು ತಳ್ಳಿಹಾಕಿತು. ನಿಷೇಧ ಜಾರಿಯಾದ ಮೇಲೂ ಸದಸ್ಯನಾಗಿ ಮುಂದುವರಿದರೆ ಅಷ್ಟೇ ಸಾಕು, ಎರಡು ವರ್ಷದವರೆಗೆ ಸಜೆ. ಬೇಕಿದ್ದರೆ ಬಿಟ್ಟುಬರಬಹುದಲ್ಲ ಎಂಬುದು ಈ ವಾದದ ತಿರುಳು. ಬೀಗ ಬಿದ್ದ ಕಚೇರಿಗೆ, ಪದಾಧಿಕಾರಿಗಳು ಜೈಲಿನಲ್ಲಿರುವ ಸಂಘಕ್ಕೆ, ರಾಜೀನಾಮೆ ಪತ್ರವನ್ನು ಯಾರ ಕೈಗೆ ಕೊಡುವುದು? ಸ್ವೀಕೃತಿ ಬರೆದುಕೊಡುವವರು ಯಾರು? ಬಿಟ್ಟಿದ್ದೇನೆ ಎಂದು ರುಜುವಾತು ಮಾಡುವ ಭಾರ ಕೊನೆಗೆ ಆ ಸದಸ್ಯನ ಹೆಗಲಿಗೇ ಬರುತ್ತದೆ.

ಮಾರ್ಚ್ 24 ಎಂಬ ತಾರೀಕಿಗೆ ಇನ್ನೊಂದು ನೆನಪೂ ಇದೆ. ಅದಕ್ಕೆ ಎಂಟು ವರ್ಷ ಹಿಂದೆ, 2015ರ ಅದೇ ದಿನ, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ, ಅಂತರ್ಜಾಲದ ಮಾತಿಗೆ ಶಿಕ್ಷೆ ಹಾಕುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಂ ಬಿದ್ದುಹೋಯಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೂರನೆಯದನ್ನು ಮುಟ್ಟಿದಾಗ ಮಾತ್ರ ಸರ್ಕಾರ ಕೈಹಾಕಬಹುದು ಎಂದು ಕೋರ್ಟು ಅಂದು ಬಿಡಿಸಿ ಹೇಳಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿ. ಒಬ್ಬಳು ಹುಡುಗಿ ತನ್ನ ಮನೆಯಲ್ಲಿ ಕೂತು ಫೋನಿನಲ್ಲಿ ಏನನ್ನೋ ಬರೆದು ಲೋಕಕ್ಕೆಲ್ಲ ಕಳಿಸಿದರೆ, ಅದು ಪ್ರಚೋದನೆಯಾಯಿತೇ ಎಂದು ನ್ಯಾಯಾಧೀಶರು ಪದ ಪದವನ್ನೂ ತೂಗಿ ನೋಡಬೇಕು. ಅದೇ ಹುಡುಗಿ ಸದಸ್ಯತ್ವದ ರಸೀದಿ ಪಡೆದು, ತನ್ನಂತೆ ಯೋಚಿಸುವ ನಾಲ್ವರ ಜೊತೆ ಸೇರಿದ್ದು, ಆ ಸಂಘದ ಮೇಲೆ ನಿಷೇಧ ಬಿದ್ದ ಮೇಲೂ ಸದಸ್ಯಳಾಗಿ ಉಳಿದರೆ, ಅವಳು ಏನು ಹೇಳಿದಳು, ಏನು ಮಾಡಿದಳು ಎಂದು ಯಾರೂ ಕೇಳಬೇಕಾಗಿಲ್ಲ. ರಸೀದಿ ಸಾಕು.